ಕಲ್ಲಚ್ಚಿನ ಹಾಳೆಗಳು: ಸಂಖ್ಯೆಯೋ, ಕೊಟ್ಟ ಮಾತೋ?

ಚಿತ್ರಗಳನ್ನು ಸಂಗ್ರಹಿಸುವವರ ಲೋಕದಲ್ಲಿ 'ಸೀಮಿತ ಆವೃತ್ತಿ' ಎಂಬ ಮಾತಿಗೆ ಬಹಳ ಗೌರವವಿದೆ. ಈ ಚಿತ್ರದ ಇಷ್ಟೇ ಪ್ರತಿಗಳನ್ನು ಅಚ್ಚು ಹಾಕಿದ್ದೇವೆ, ಇನ್ನು ಮುಂದೆ ಹಾಕುವುದಿಲ್ಲ ಎಂದು ಕಲಾವಿದನೂ ಮುದ್ರಕನೂ ಪ್ರಕಾಶಕನೂ ಕೂಡಿ ಕೊಡುವ ಭರವಸೆಗೆ ಆ ಹೆಸರು. ಆ ಭರವಸೆಯು ಕಾಲಕ್ರಮದಲ್ಲಿ ಬರಿಯ ಒಂದು ಸಂಖ್ಯೆಯಾಗಿ, ಆ ಸಂಖ್ಯೆಯು ಬರಿಯ ಬೆಲೆಯಾಗಿ ಹೇಗೆ ಮಾರ್ಪಡುತ್ತದೆ ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಈಗ ಅದಕ್ಕೊಂದು ಕಾರಣವೂ ಒದಗಿ ಬಂದಿದೆ.

ನಮ್ಮ ಬಂಧುಗಳಲ್ಲಿ ಬಹುಮಂದಿಗೆ ತಿಳಿದಿರುವಂತೆ, ನನ್ನ ದೊಡ್ಡಪ್ಪನವರ ಮಗ, ಅಮೆರಿಕದ ಮಿಸೌರಿ ರಾಜ್ಯದಲ್ಲಿ ಇಂಜಿನಿಯರಾಗಿ ಬಾಳಿದ ಅಣ್ಣ, ಕಳೆದ ವರ್ಷ ತೀರಿಕೊಂಡರು. ಅವರು ಬಿಟ್ಟುಹೋದ ವಸ್ತುಗಳಲ್ಲಿ ಥಾಮಸ್ ಹಾರ್ಟ್ ಬೆಂಟನ್ ಎಂಬ ಅಮೆರಿಕನ್ ಕಲಾವಿದರ ಏಳು ಲಿಥೋಗ್ರಾಫ್ ಚಿತ್ರಗಳಿವೆ. ಮೂವರು ಮಕ್ಕಳಲ್ಲಿ ಈಗ ಅವುಗಳ ಬಗ್ಗೆ ಮೂರು ಅಭಿಪ್ರಾಯ. ದೊಡ್ಡವನು ಮಾರಿಬಿಡೋಣ ಎನ್ನುತ್ತಾನೆ. ನಡುವಿನವಳಿಗೆ ಏಳೂ ಒಂದೇ ಕಡೆ ಇರಬೇಕೆಂಬ ಆಸೆ. ಕಿರಿಯವಳ ಚಿಂತೆ ಬೇರೆ: "ಚಿಕ್ಕಪ್ಪ, ಸೀಮಿತ ಆವೃತ್ತಿಯ ಹಾಳೆಯ ಕೆಳಗೆ ಇಷ್ಟರಲ್ಲಿ ಇಷ್ಟನೆಯದು ಎಂದು ಪೆನ್ಸಿಲಿನಲ್ಲಿ ಬರೆದಿರಬೇಕಂತೆ. ಅಪ್ಪನ ಯಾವ ಹಾಳೆಯ ಮೇಲೂ ಸಂಖ್ಯೆ ಇಲ್ಲ. ಇವು ಅಸಲಿಯಲ್ಲವೆಂದು ನೋಡಿದವರೊಬ್ಬರು ಹೇಳಿದರು. ಅಪ್ಪ ಮೋಸ ಹೋದರೇ?" ಎಂದು ಕೇಳಿ ಬರೆದಿದ್ದಾಳೆ. ಅತ್ತಿಗೆಯವರು ಯಾವುದಕ್ಕೂ ಮಾತಾಡದೆ, ನನ್ನನ್ನು ಕೇಳಿರೆಂದು ಮೂವರಿಗೂ ಹೇಳಿದ್ದಾರಂತೆ. ನಾನು ಚಿತ್ರಕಲೆಯ ಪಂಡಿತನಲ್ಲ. ಆದರೆ ಆ ಏಳು ಹಾಳೆಗಳ ಕುರಿತು ಅಣ್ಣ ಮೂವತ್ತು ವರ್ಷ ನನಗೆ ಪತ್ರ ಬರೆದವರು. ಆದ್ದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿಯೇ, ಎಲ್ಲರ ಎದುರಿಗೆ ಹೇಳುತ್ತೇನೆ. ಇಂಥ ಚಿತ್ರ ಕೊಳ್ಳಬೇಕೆಂದಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಅದು ಉಪಯೋಗವಾದೀತು.

ಮೊದಲು ಲಿಥೋಗ್ರಾಫ್ ಎಂದರೇನು ಎಂಬುದನ್ನು ತಿಳಿಯೋಣ. ಕನ್ನಡದಲ್ಲಿ ಇದಕ್ಕೆ ಕಲ್ಲಚ್ಚು ಎಂಬ ಸೊಗಸಾದ ಹೆಸರಿದೆ. ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಎಂಬುವರು ಕಂಡುಹಿಡಿದ ವಿದ್ಯೆ ಇದು. ಜಿಡ್ಡಿಗೂ ನೀರಿಗೂ ಆಗಿಬರುವುದಿಲ್ಲ ಎಂಬ ಸಾಮಾನ್ಯ ಸಂಗತಿಯೇ ಇದರ ಮೂಲ. ಬವೇರಿಯದ ಸೋಲ್ನ್‌ಹೋಫನ್ ಎಂಬಲ್ಲಿ ದೊರೆಯುವ ನುಣುಪಾದ ಸುಣ್ಣದ ಕಲ್ಲಿನ ಮೇಲೆ ಕಲಾವಿದನು ಜಿಡ್ಡಿನ ಕಡ್ಡಿಯಿಂದ, ಎಡಬಲ ಅದಲುಬದಲಾಗಿ, ಚಿತ್ರ ಬರೆಯುತ್ತಾನೆ. ಮುದ್ರಕನು ಆ ಕಲ್ಲಿಗೆ ಅಲ್ಪ ಆಮ್ಲ ಬೆರೆಸಿದ ಗೋಂದಿನ ನೀರು ಹಚ್ಚಿ ಹದ ಮಾಡುತ್ತಾನೆ. ಬಳಿಕ ಕಲ್ಲನ್ನು ಒದ್ದೆ ಮಾಡಿ ಶಾಯಿಯ ಉರುಳೆಯನ್ನು ಉರುಳಿಸಿದರೆ, ಜಿಡ್ಡಿರುವಲ್ಲಿ ಶಾಯಿ ಹತ್ತುತ್ತದೆ, ನೀರಿರುವಲ್ಲಿ ಹತ್ತುವುದಿಲ್ಲ. ಮೇಲೆ ಕಾಗದವಿಟ್ಟು ಒತ್ತಿದರೆ ಒಂದು ಪ್ರತಿ ಸಿದ್ಧ. ಪ್ರತಿಯೊಂದು ಹಾಳೆಗೂ ಮತ್ತೆ ನೀರು, ಮತ್ತೆ ಶಾಯಿ, ಮತ್ತೆ ಒತ್ತು. ಕನ್ನಡಿಗರಿಗೆ ಇದು ಹೊರಗಿನ ವಿದ್ಯೆಯೇನೂ ಅಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಮಂಗಳೂರಿನ ಬಾಸೆಲ್ ಮಿಷನ್ನಿನವರ ಕಲ್ಲಚ್ಚಿನಿಂದಲೇ ಹೊರಬಂದಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ತಾಮ್ರದ ತಗಡನ್ನು ಸೂಜಿಯಿಂದ ಗೀರಿ ಮಾಡುವ 'ಡ್ರೈಪಾಯಿಂಟ್' ಎಂಬ ಬಗೆಯ ಚಿತ್ರದಲ್ಲಿ ಗೀರಿನ ಅಂಚು ಬೇಗ ಸವೆಯುವುದರಿಂದ ಕೆಲವೇ ಒಳ್ಳೆಯ ಪ್ರತಿಗಳು ಹುಟ್ಟುತ್ತವೆ. ಅಲ್ಲಿ ಮಿತಿಯನ್ನು ಹೇರುವುದು ಲೋಹ. ಕಲ್ಲಚ್ಚು ಹಾಗಲ್ಲ. ಹದವರಿತ ಮುದ್ರಕನ ಕೈಯಲ್ಲಿ ಒಂದು ಕಲ್ಲು ನೂರಾರು ಪ್ರತಿಗಳನ್ನು ಕೊಡಬಲ್ಲದು. ಇನ್ನೂರೈವತ್ತಕ್ಕೆ ನಿಲ್ಲಿಸಿದರೆ, ಅದು ಮನುಷ್ಯರು ಮಾಡಿದ ನಿಶ್ಚಯ. ಆಮೇಲೆ ಅದೇ ಕಲ್ಲನ್ನು ಮರಳುಪುಡಿ ಹಾಕಿ ಉಜ್ಜಿ, ಚಿತ್ರವನ್ನು ಅಳಿಸಿ, ಇನ್ನೊಂದು ಚಿತ್ರಕ್ಕೆ ಅಣಿಮಾಡುವುದು ವಾಡಿಕೆ. ಆದ್ದರಿಂದ ಕಲ್ಲಚ್ಚಿನ ವಿಷಯದಲ್ಲಿ ಸೀಮಿತ ಆವೃತ್ತಿ ಎಂಬುದು ಕೊಟ್ಟ ಮಾತೇ ಹೊರತು ವಸ್ತುವಿನ ಗುಣವಲ್ಲ. ಮಾತು ಎಷ್ಟು ಗಟ್ಟಿಯೋ ಆವೃತ್ತಿ ಅಷ್ಟು ಗಟ್ಟಿ. ನನ್ನ ಎಲ್ಲ ವಾದವೂ ನಿಂತಿರುವುದು ಇದರ ಮೇಲೆ.

ಈಗ ಅಣ್ಣನ ಹಾಳೆಗಳ ಕಥೆಗೆ ಬರೋಣ. ಬೆಂಟನ್ನರು ಹುಟ್ಟಿದ್ದು 1889ರಲ್ಲಿ, ಮಿಸೌರಿಯ ನಿಯೋಶೋ ಎಂಬ ಸಣ್ಣ ಊರಿನಲ್ಲಿ. ಹೊಲಗದ್ದೆ, ಹತ್ತಿ, ರೈಲು, ಹಳ್ಳಿಯ ಪ್ರಾರ್ಥನೆ, ಜಾನಪದ ಗೀತೆ, ಇವು ಅವರ ವಸ್ತುಗಳು. 1934ರ ಡಿಸೆಂಬರಿನಲ್ಲಿ 'ಟೈಮ್' ಪತ್ರಿಕೆಯು ಅವರ ಸ್ವಚಿತ್ರವನ್ನು ಮುಖಪುಟದಲ್ಲಿ ಅಚ್ಚು ಮಾಡಿತು. ಅದೇ ವರ್ಷ ನ್ಯೂಯಾರ್ಕಿನ ಅವರ ಚಿತ್ರಶಾಲೆಯಲ್ಲಿ ಒಂದು ಸಭೆ ಸೇರಿತ್ತು. ಆಗ ಅಮೆರಿಕವು ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿತ್ತು; ಚಿತ್ರ ಕೊಳ್ಳುವವರಿಲ್ಲದೆ ಕಲಾವಿದರು ಕಂಗೆಟ್ಟಿದ್ದರು. ರೀವ್ಸ್ ಲೆವೆಂತಾಲ್ ಎಂಬುವರು ಆ ಸಭೆಯಲ್ಲಿ ಒಂದು ಯೋಜನೆಯನ್ನು ಮುಂದಿಟ್ಟರು. ಕಲಾವಿದರು ಕಲ್ಲಚ್ಚು ಅಥವಾ ಎಚಿಂಗ್ ಚಿತ್ರಗಳನ್ನು ಮಾಡಿಕೊಡುವುದು. ಒಂದೊಂದರ ಸುಮಾರು 250 ಪ್ರತಿಗಳನ್ನು ಅಚ್ಚು ಹಾಕಿಸುವುದು. ಪ್ರತಿಯೊಂದಕ್ಕೂ ಕಲಾವಿದರು ಪೆನ್ಸಿಲಿನಲ್ಲಿ ಸಹಿ ಮಾಡುವುದು. ಒಂದು ಹಾಳೆಯನ್ನು ಐದು ಡಾಲರಿಗೆ ಮಾರುವುದು. ಕಲಾವಿದರಿಗೆ ಆವೃತ್ತಿಯೊಂದಕ್ಕೆ 200 ಡಾಲರು. ಹೀಗೆ ಹುಟ್ಟಿದ್ದು 'ಅಸೋಸಿಯೇಟೆಡ್ ಅಮೆರಿಕನ್ ಆರ್ಟಿಸ್ಟ್ಸ್' ಎಂಬ ಸಂಸ್ಥೆ. ಮೊದಲು ಹಲವು ನಗರಗಳ ದೊಡ್ಡ ಅಂಗಡಿಗಳಲ್ಲಿ, ಆಮೇಲೆ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಅಂಚೆಯ ಮೂಲಕ, ಇವರು ಚಿತ್ರಗಳನ್ನು ಮಾರಿದರು.

ಲೆಕ್ಕದ ಮೇಷ್ಟರ ಚಾಳಿ ಬಿಡದೆ ಇಲ್ಲೊಂದು ಲೆಕ್ಕ ಹಾಕುತ್ತೇನೆ. ಇನ್ನೂರೈವತ್ತು ಹಾಳೆಯೂ ಮಾರಾಟವಾದರೆ ಬರುವ ಹಣ 1250 ಡಾಲರು. ಅದರಲ್ಲಿ ಕಲಾವಿದನ ಪಾಲು ನೂರಕ್ಕೆ ಹದಿನಾರು. ಇದು ಹೆಚ್ಚೇನೂ ಅಲ್ಲ. ಕಷ್ಟಕಾಲದಲ್ಲಿ ಕೈಗೆ ನಗದಾಗಿ ಬರುತ್ತಿದ್ದುದರಿಂದ ಒಪ್ಪಿಕೊಂಡರು. ಲೆವೆಂತಾಲರು ಧರ್ಮಕಾರ್ಯ ಮಾಡುತ್ತಿರಲಿಲ್ಲ, ವ್ಯಾಪಾರ ಮಾಡುತ್ತಿದ್ದರು. ಆದರೂ ಆ ವ್ಯಾಪಾರದಲ್ಲಿ ನಾನು ಮೆಚ್ಚುವ ಅಂಶವೊಂದಿದೆ. ಅಲ್ಲಿ ಪ್ರತಿಗಳ ಮಿತಿಯನ್ನು ಇಟ್ಟದ್ದು ಬೆಲೆಯನ್ನು ಏರಿಸುವುದಕ್ಕಲ್ಲ. ಕೈಯಿಂದ ಒತ್ತುವ ಮುದ್ರಕ, ಒಂದೊಂದನ್ನೂ ನೋಡಿ ಸಹಿ ಹಾಕುವ ಕಲಾವಿದ, ಇವರಿಬ್ಬರ ಶ್ರಮಕ್ಕೆ ಒಂದು ಅಳತೆ ಬೇಕಿತ್ತು. ಶಾಲಾಮಾಸ್ತರನೋ ಗುಮಾಸ್ತನೋ ಕೊಡಬಹುದಾದ ಬೆಲೆಗೆ ಮೂಲಚಿತ್ರವೊಂದು ಅವನ ಮನೆಯ ಗೋಡೆಗೆ ಬರಬೇಕಿತ್ತು. ಅದಕ್ಕಾಗಿ ಇಟ್ಟ ಮಿತಿ ಅದು. ಬೆಂಟನ್ನರ ಬಹುಪಾಲು ಕಲ್ಲುಗಳನ್ನು ಅಚ್ಚು ಹಾಕಿದವರು ನ್ಯೂಯಾರ್ಕಿನ ಜಾರ್ಜ್ ಸಿ. ಮಿಲ್ಲರ್ ಎಂಬ ನಿಪುಣ ಮುದ್ರಕರು. ಚಿತ್ರದ ಕೆಳಗೆ ಅವರ ಹೆಸರಿಲ್ಲ. ಆದರೆ ಆ ಕಪ್ಪಿನ ಆಳ, ಬೂದಿಬಣ್ಣದ ನಯ ಅವರ ತೋಳಿನಿಂದ ಬಂದದ್ದು.

ಈ ಕಥೆಯಲ್ಲಿಯೇ ಕಿರಿಯವಳ ಪ್ರಶ್ನೆಗೆ ಉತ್ತರವೂ ಇದೆ. ಮಗೂ, ಆ ಸಂಸ್ಥೆಯವರು ಆ ಕಾಲದಲ್ಲಿ ಸಾಮಾನ್ಯವಾಗಿ ಹಾಳೆಗಳಿಗೆ ಸಂಖ್ಯೆ ಹಾಕುತ್ತಿರಲಿಲ್ಲ, ಸಹಿಯಷ್ಟೇ ಇರುತ್ತಿತ್ತು. ನಿನ್ನ ತಂದೆಯ ಹಾಳೆಗಳಲ್ಲಿ ಸಂಖ್ಯೆ ಇಲ್ಲದಿರುವುದು ದೋಷವಲ್ಲ. ನಿಜ ಹೇಳಬೇಕೆಂದರೆ, ಅಂಥ ಹಾಳೆಯ ಮೇಲೆ 37/250 ಎಂದು ಬರೆದಿದ್ದರೆ ನಾನು ಹೆಚ್ಚು ಅನುಮಾನಪಡುತ್ತಿದ್ದೆ. ಅಸಲಿಯನ್ನು ಗುರುತಿಸಲು ಬೇರೆ ದಾರಿಗಳಿವೆ. ಒಳ್ಳೆಯ ಭೂತಗನ್ನಡಿ ಹಿಡಿದು ನೋಡು. ಕಲ್ಲಚ್ಚಿನಲ್ಲಿ ಕಡ್ಡಿಯ ಗುರುತು ಕಲ್ಲಿನ ತರಿಗೆ ತಕ್ಕಂತೆ ಅಡ್ಡಾದಿಡ್ಡಿ ಕಣಗಳಾಗಿ ಕಾಣುತ್ತದೆ. ಫೋಟೋ ತೆಗೆದು ಅಚ್ಚು ಹಾಕಿದ ನಕಲಿನಲ್ಲಿ ಸಾಲಾಗಿ ಜೋಡಿಸಿದಂಥ ಚುಕ್ಕಿಗಳು ಕಾಣುತ್ತವೆ. ಬೆಂಟನ್ನರು ಎಷ್ಟೋ ವೇಳೆ ಕಲ್ಲಿನ ಮೇಲೆಯೇ ತಮ್ಮ ಹೆಸರು ಬರೆಯುತ್ತಿದ್ದರು. ಅದು ಚಿತ್ರದೊಳಗೆ ಅಚ್ಚಾಗಿರುತ್ತದೆ. ಅದಲ್ಲದೆ ಚಿತ್ರದ ಕೆಳಗಿನ ಅಂಚಿನಲ್ಲಿ ಪೆನ್ಸಿಲಿನ ಸಹಿ ಬೇರೆ ಇದೆಯೇ ನೋಡು. ಕೊನೆಗೆ ಚಿತ್ರದ ಅಳತೆಯನ್ನು ಕ್ರೀಕ್‌ಮೋರ್ ಫಾತ್ ಅವರ ಪುಸ್ತಕದೊಡನೆ ಹೋಲಿಸಿ ನೋಡು. ಅದು ನಿಮ್ಮ ಮನೆಯ ಕಪಾಟಿನಲ್ಲಿಯೇ ಇದೆ.

ಈ ಫಾತ್ ಅವರ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. ಅವರು ಟೆಕ್ಸಾಸಿನ ಆಸ್ಟಿನ್ ನಗರದ ವಕೀಲರು, ಬೆಂಟನ್ನರ ಕಲ್ಲಚ್ಚುಗಳ ಸಂಗ್ರಾಹಕರು. ತಾವು ಸಂಗ್ರಹಿಸಿದ್ದನ್ನು ಬೀಗ ಹಾಕಿ ಇಡದೆ, ಬೆಂಟನ್ನರು ಮಾಡಿದ ಎಂಬತ್ತರ ಆಸುಪಾಸಿನ ಕಲ್ಲಚ್ಚುಗಳನ್ನೆಲ್ಲ ಪಟ್ಟಿ ಮಾಡಿ, ವರ್ಷ, ಅಳತೆ, ಪ್ರತಿಗಳ ಸಂಖ್ಯೆ ಇವನ್ನು ನಮೂದಿಸಿ, 1969ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇಂದು ಯಾರು ಬೆಂಟನ್ನರ ಹಾಳೆಯನ್ನು ಕೊಂಡರೂ ಮಾರಿದರೂ ಆ ಪುಸ್ತಕದ ಕ್ರಮಸಂಖ್ಯೆಯನ್ನು ಉಲ್ಲೇಖಿಸುತ್ತಾರೆ. ಸಂಗ್ರಾಹಕನಾದವನು ಲೋಕಕ್ಕೆ ಏನು ಕೊಡಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ವಿರಳವಾದದ್ದೆಲ್ಲ ಶ್ರೇಷ್ಠ ಎಂಬ ಭ್ರಮೆಯನ್ನೂ ಇಲ್ಲಿ ಬಿಡಿಸಬೇಕು. ಇದೇ ಸಂಸ್ಥೆಗಾಗಿ ಗ್ರ್ಯಾಂಟ್ ವುಡ್ ಎಂಬ ಇನ್ನೊಬ್ಬ ಪ್ರಸಿದ್ಧ ಕಲಾವಿದರು 1939ರಲ್ಲಿ 'ಸಲ್ಟ್ರಿ ನೈಟ್' ಎಂಬ ಕಲ್ಲಚ್ಚನ್ನು ಮಾಡಿದರು. ದಿನದ ದುಡಿಮೆ ಮುಗಿಸಿದ ರೈತನೊಬ್ಬ ಸೆಕೆಯ ರಾತ್ರಿಯಲ್ಲಿ ದನಗಳ ನೀರಿನ ತೊಟ್ಟಿಯ ಬಳಿ ಬರಿಮೈಯಲ್ಲಿ ನಿಂತು ನೀರು ಸುರಿದುಕೊಳ್ಳುತ್ತಿರುವ ಚಿತ್ರ. ನಮ್ಮ ಹಳ್ಳಿಗಳ ಕೆರೆ ಬಾವಿಗಳನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಆದರೆ ಅಮೆರಿಕದ ಅಂಚೆ ಇಲಾಖೆಯು ಇದನ್ನು ಅಶ್ಲೀಲವೆಂದು ಬಗೆದು ಅಂಚೆಯಲ್ಲಿ ಕಳುಹಿಸಲು ಅವಕಾಶ ಕೊಡಲಿಲ್ಲ. ಪರಿಣಾಮವಾಗಿ 250ರ ಬದಲು 100 ಪ್ರತಿಗಳಷ್ಟೇ ಅಚ್ಚಾದವು. ಇಂದು ಆ ಹಾಳೆಯನ್ನು ವಿರಳವೆಂದು ಅರಸುತ್ತಾರೆ. ಆ ವಿರಳತೆಯನ್ನು ಸೃಷ್ಟಿಸಿದವರು ಕಲಾವಿದರಲ್ಲ, ಅಂಚೆಯ ಅಧಿಕಾರಿಗಳು! ಚಿತ್ರ ಚೆನ್ನಾಗಿದೆ, ನಿಜ. ಆದರೆ 250 ಪ್ರತಿ ಅಚ್ಚಾಗಿದ್ದರೂ ಅದು ಅಷ್ಟೇ ಚೆನ್ನಾಗಿರುತ್ತಿತ್ತು.

ಮಾತು ಸಡಿಲವಾದಾಗ ಏನಾಗುತ್ತದೆ ಎಂಬುದಕ್ಕೂ ಇತಿಹಾಸದಲ್ಲಿ ಸಾಕ್ಷಿಯಿದೆ. ಸ್ಪೇನಿನ ಸಾಲ್ವಡಾರ್ ಡಾಲಿ ಅವರು ತಮ್ಮ ಇಳಿವಯಸ್ಸಿನಲ್ಲಿ ಖಾಲಿ ಹಾಳೆಗಳಿಗೆ ಸಹಿ ಹಾಕಿಕೊಟ್ಟದ್ದು ಜಗತ್ತಿಗೇ ತಿಳಿದ ವಿಷಯ. ಆಮೇಲೆ ಆ ಹಾಳೆಗಳ ಮೇಲೆ ಯಾರು ಏನನ್ನು ಅಚ್ಚು ಹಾಕಿದರೋ ಹೇಳುವವರಿಲ್ಲ. ಸಹಿಯೂ ಇದೆ, ಸಂಖ್ಯೆಯೂ ಇದೆ. ಮಾತು ಮಾತ್ರ ಇಲ್ಲ. ಇಂಥ ಅವ್ಯವಸ್ಥೆಯನ್ನು ತಡೆಯಲೆಂದೇ 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯ ರಾಜ್ಯವು, ಮುದ್ರಿತ ಕಲಾಕೃತಿಯನ್ನು ಮಾರುವವರು ಅದರ ವಿವರಗಳನ್ನು ಕೊಳ್ಳುವವರಿಗೆ ಬರೆದುಕೊಡಬೇಕೆಂದು ಕಾನೂನು ಮಾಡಿತು. ಇಂದಿನ ದಿನಗಳಲ್ಲಂತೂ ಕಂಪ್ಯೂಟರಿನ ಪ್ರಿಂಟರಿನಿಂದ ತೆಗೆದ ನಕಲಿಗೂ ಒಂದು ಸಂಖ್ಯೆ ಬರೆದು ಸೀಮಿತ ಆವೃತ್ತಿ ಎಂದು ಮಾರುವವರಿದ್ದಾರೆ. ನಕಲನ್ನು ನಕಲೆಂದು ಹೇಳಿ ಮಾರಿದರೆ ನನ್ನ ತಕರಾರಿಲ್ಲ. ಸಂಖ್ಯೆ ಹಾಕಿದ ಮಾತ್ರಕ್ಕೆ ಅದು ಕಲ್ಲಚ್ಚಾಗುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು. ಚಿತ್ರ ಎಲ್ಲರಿಗೂ ಸಿಗಲೆಂಬುದು ಉದ್ದೇಶವಾದರೆ ಮಿತಿಯೇಕೆ? ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯವು ಕಲ್ಲಚ್ಚಿನ ವಿದ್ಯೆಯಿಂದಲೇ ಬಣ್ಣದ ಲಕ್ಷ್ಮಿ ಸರಸ್ವತಿಯರನ್ನು ಮನೆಮನೆಗೂ ತಲುಪಿಸಲಿಲ್ಲವೇ? ನಮ್ಮ ಅಜ್ಜಿ ಅದರ ಮುಂದೆ ದೀಪ ಹಚ್ಚುವಾಗ ಎಷ್ಟನೆಯ ಪ್ರತಿ ಎಂದು ಕೇಳಿದರೇ? ಆಕ್ಷೇಪ ಸರಿಯಾದದ್ದೇ. ನಾನು ಹೇಳುವುದಿಷ್ಟು: ಎರಡೂ ಬೇರೆ ಬೇರೆ ಬಗೆಯ ಪ್ರಾಮಾಣಿಕತೆ. ರವಿವರ್ಮರ ಎಣ್ಣೆಬಣ್ಣದ ಮೂಲಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೀವು ನೋಡಿರುತ್ತೀರಿ; ಮನೆಗೆ ಬರುತ್ತಿದ್ದುದು ಅಂಥ ಚಿತ್ರಗಳ ಅಚ್ಚು. ಅದು ಮಿತಿಯನ್ನು ಹೇಳಿಕೊಳ್ಳಲಿಲ್ಲ, ಆದ್ದರಿಂದ ಮೋಸವೂ ಇಲ್ಲ. ಬೆಂಟನ್ನರದು ಸ್ವತಃ ಕಲ್ಲಿನ ಮೇಲೆ ಬರೆದ ಚಿತ್ರ. ಎಷ್ಟೋ ವೇಳೆ ತಮ್ಮ ವರ್ಣಚಿತ್ರದ ವಸ್ತುವನ್ನೇ ಎತ್ತಿಕೊಂಡರೂ ಕಲ್ಲಿಗಾಗಿ ಅದನ್ನು ಹೊಸದಾಗಿ ಬರೆದರು. ಅದರ ಪ್ರತಿ ಹಾಳೆಯೂ ಮೂಲವೇ. ಇಷ್ಟೇ ಹಾಳೆ ಎಂದು ಹೇಳಿದಮೇಲೆ ಅಷ್ಟಕ್ಕೇ ನಿಲ್ಲಬೇಕು.

ಬೆಂಟನ್ನರು ಮೇಷ್ಟರೂ ಆಗಿದ್ದರು. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್ ಎಂಬ ಶಾಲೆಯಲ್ಲಿ ಅವರ ಬಳಿ ಕಲಿತವರಲ್ಲಿ ಜಾಕ್ಸನ್ ಪೊಲಾಕ್ ಒಬ್ಬರು. ಶಿಷ್ಯರು ಗುರುವಿನ ದಾರಿಯನ್ನು ಬಿಟ್ಟು, ನೆಲದ ಮೇಲೆ ಹಾಸಿದ ಬಟ್ಟೆಗೆ ಬಣ್ಣ ಚೆಲ್ಲುವ ಹೊಸ ದಾರಿ ಹಿಡಿದು ಗುರುವಿಗಿಂತ ದೊಡ್ಡ ಹೆಸರು ಗಳಿಸಿದರು. ಇಂದು ಪೊಲಾಕರ ಒಂದು ದೊಡ್ಡ ಚಿತ್ರವನ್ನು ಕೊಳ್ಳಲು ಕೋಟ್ಯಧೀಶನಾಗಿರಬೇಕು. ಗುರುವಿನ ಹಾಳೆಯಾದರೋ ಇನ್ನೂರೈವತ್ತು ಮನೆಗಳಿಗೆ ಹಂಚಿಹೋಯಿತು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ನಾನು ಹೇಳಲಾರೆ. ಆದರೆ ಮಿಸೌರಿಯಲ್ಲಿ ಬಾಡಿಗೆ ಮನೆಯಲ್ಲಿದ್ದ ಒಬ್ಬ ಕನ್ನಡಿಗ ಇಂಜಿನಿಯರನಿಗೆ ಎಟುಕಿದ್ದು ಗುರುವಿನ ಹಾಳೆ.

ಅಣ್ಣ ಮೊದಲು ಕೊಂಡದ್ದು 1939ರ 'ಕ್ರೇಡ್ಲಿಂಗ್ ವೀಟ್'. ಗುಡ್ಡದ ಇಳಿಜಾರಿನಲ್ಲಿ ನಾಲ್ಕಾರು ಜನ ಉದ್ದ ಹಿಡಿಯ ಕತ್ತಿ ಬೀಸಿ ಗೋಧಿ ಕೊಯ್ಯುತ್ತಿರುವ ಚಿತ್ರ. ಬಾಗಿದ ಬೆನ್ನುಗಳೂ ಗುಡ್ಡದ ಗೆರೆಯೂ ಒಂದೇ ಲಯದಲ್ಲಿ ಹೊರಳುತ್ತವೆ. ನಮ್ಮ ಗದ್ದೆಯ ಕೊಯ್ಲಿನ ಆಳುಗಳ ಬೆನ್ನು ಹೀಗೆಯೇ ಅಲ್ಲವೇ ಎಂದು ಅವರು ಪತ್ರದಲ್ಲಿ ಕೇಳಿದ್ದರು. ಆಮೇಲೆ ಬಂದದ್ದು 1942ರ 'ದ ರೇಸ್': ಬಯಲಿನಲ್ಲಿ ಹೊಗೆಯುಗುಳುತ್ತ ಓಡುವ ಉಗಿಬಂಡಿ, ಅದರೊಡನೆ ಪಂದ್ಯ ಕಟ್ಟಿದಂತೆ ಓಡುವ ಒಂಟಿ ಕುದುರೆ. ಎಲ್ಲ ಹಾಳೆಗಳನ್ನೂ ಅಣ್ಣ ಸಮನಾಗಿ ಮೆಚ್ಚಿದವರಲ್ಲ. ಬೆಂಟನ್ನರು ಕಪ್ಪು ಜನರನ್ನು ಚಿತ್ರಿಸುವಾಗ ಕೆಲವೆಡೆ ವ್ಯಂಗ್ಯಚಿತ್ರದ ಮಟ್ಟಕ್ಕೆ ಇಳಿದರೆಂಬ ಟೀಕೆಯಿದೆ. ಆ ಟೀಕೆಯಲ್ಲಿ ಹುರುಳಿದೆ ಎಂದೇ ಅಣ್ಣ ಬರೆದಿದ್ದರು. ಅಂಥ ಒಂದು ಹಾಳೆ ಅಗ್ಗಕ್ಕೆ ಬಂದಾಗ ಅವರು ಕೊಳ್ಳಲಿಲ್ಲ. ಪಟ್ಟಿಯನ್ನು ಪೂರ್ತಿ ಮಾಡಬೇಕೆಂಬ ಹಟ ಅವರಿಗಿರಲಿಲ್ಲ. ಮೂವತ್ತು ವರ್ಷಕ್ಕೆ ಏಳು ಹಾಳೆ. ಏಳೂ ಗೋಡೆಯ ಮೇಲೆ, ಬಿಸಿಲು ತಾಗದ ಜಾಗದಲ್ಲಿ.

ಹಾಗಾದರೆ ಈಗ ಏನು ಮಾಡಬೇಕು? ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮಾರುವುದು ಪಾಪವಲ್ಲ. ಐದು ಡಾಲರಿನ ಹಾಳೆ ಇಂದು ಸಾವಿರಾರು ಡಾಲರು ಬಾಳುತ್ತದೆ. ಹಣದ ಅಗತ್ಯವಿದ್ದವರು ಮಾರಿದರೆ ಅಣ್ಣ ಮುನಿಯುವವರಲ್ಲ. ಆದರೆ ಅಗತ್ಯವಿಲ್ಲದೆ, ಬೆಲೆ ಬಂದಿದೆ ಎಂಬ ಒಂದೇ ಕಾರಣಕ್ಕೆ ಮಾರಬೇಡಿ. ಏಳನ್ನೂ ಒಟ್ಟಿಗೆ ಇಡಬೇಕೆಂಬುದನ್ನೂ ನಾನು ಒಪ್ಪುವುದಿಲ್ಲ. ಇವು ಹಂಚಿಹೋಗಲೆಂದೇ ಹುಟ್ಟಿದ ಚಿತ್ರಗಳು. ಒಟ್ಟಿಗೆ ಇಡುವ ನೆಪದಲ್ಲಿ ಏಳೂ ಒಂದು ಪೆಟ್ಟಿಗೆಯೊಳಗೆ ಸೇರಿ ಬ್ಯಾಂಕಿನ ಲಾಕರಿನಲ್ಲಿ ಮಲಗುವ ಸಂಭವವೇ ಹೆಚ್ಚು. ಮೂವರೂ ತಮಗೆ ಇಷ್ಟವಾದ ಒಂದೊಂದನ್ನು ಆರಿಸಿಕೊಂಡು ಮನೆಯ ಗೋಡೆಗೆ ತೂಗುಹಾಕಿರಿ. 'ಕ್ರೇಡ್ಲಿಂಗ್ ವೀಟ್' ಅತ್ತಿಗೆಯವರ ಬಳಿಯೇ ಇರಲಿ. ಉಳಿದ ಮೂರನ್ನು, ಬೇಡಿದವರಿಗೆ ಚಿತ್ರವನ್ನು ಹೊರತೆಗೆದು ತೋರಿಸುವ ವ್ಯವಸ್ಥೆಯಿರುವ ಕಾಲೇಜಿನ ಸಂಗ್ರಹಾಲಯಕ್ಕೆ ಕೊಡಿ. ಅಲ್ಲಿ ಹತ್ತೊಂಬತ್ತು ವರ್ಷದ ಯಾವನೋ ಹುಡುಗ ಭೂತಗನ್ನಡಿ ಹಿಡಿದು ಕಲ್ಲಿನ ತರಿಯನ್ನು ನೋಡಿ ಕಲಿಯುತ್ತಾನೆ. ಮೇಷ್ಟರ ಪಕ್ಷಪಾತ ಎನ್ನುವುದಾದರೆ ಅನ್ನಿ.

ನನಗೂ ಒಂದನ್ನು ಕಳುಹಿಸುವುದಾಗಿ ಬರೆದಿದ್ದೀರಿ. ಪ್ರೀತಿಗೆ ಋಣಿ, ಆದರೆ ಬೇಡ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅಕ್ಕಿಯ ಡಬ್ಬಕ್ಕೇ ಬೂಷ್ಟು ಹಿಡಿಯುತ್ತದೆ. ಎಂಬತ್ತು ವರ್ಷ ಬಾಳಿದ ಹತ್ತಿಕಾಗದವನ್ನು ಈ ತೇವಕ್ಕೆ ಒಡ್ಡುವ ಧೈರ್ಯ ನನಗಿಲ್ಲ. ನೀವೂ ಎಚ್ಚರ ವಹಿಸಿರಿ. ಚೌಕಟ್ಟಿನೊಳಗೆ ಆಮ್ಲವಿಲ್ಲದ ರಟ್ಟನ್ನೇ ಬಳಸಿರಿ, ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ, ಅಂಚನ್ನು ಕತ್ತರಿಸಬೇಡಿ. ಪೆನ್ಸಿಲಿನ ಸಹಿ ಇರುವುದೇ ಆ ಅಂಚಿನಲ್ಲಿ.

ಕಡೆಯದಾಗಿ ಒಂದು ಮಾತು. ಪ್ರತಿ ಚೌಕಟ್ಟಿನ ಹಿಂದೆ ಒಂದು ಲಕೋಟೆ ಇರುತ್ತದೆ. ಅದರೊಳಗೆ ಯಾವ ದಿನ, ಯಾರಿಂದ, ಎಷ್ಟಕ್ಕೆ ಕೊಂಡದ್ದು ಎಂಬುದನ್ನು ಅಣ್ಣ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿಟ್ಟಿದ್ದಾರೆ. ಮನೆಯ ಲೆಕ್ಕದ ಚೀಟಿಯೆಂದು ತಿಳಿದು ಎಸೆಯಬೇಡಿ. ಮನೆಯಲ್ಲಿ ಇರಿಸಿಕೊಂಡರೂ, ಮಾರಿದರೂ, ದಾನ ಮಾಡಿದರೂ, ಹಾಳೆಯ ಸಂಗಡ ಆ ಲಕೋಟೆಯೂ ಹೋಗಲಿ. ಮುಂದೆ ಕೊಂಡವರಿಗೆ ಕನ್ನಡ ಓದಲು ಬಾರದಿದ್ದರೆ, ನನ್ನ ವಿಳಾಸ ಕೊಡಿ. ನಾನು ಇರುವವರೆಗೆ ಓದಿ ಹೇಳುತ್ತೇನೆ.